ಪೆಡಗಾಗ್

ಗ್ರೀಕಿನಲ್ಲಿ 'ಪಾಯ್ಸ್' ಅಂದರೆ ಮಗು, 'ಅಗೋಗೋಸ್' ಅಂದರೆ ಕರೆದೊಯ್ಯುವವನು. ಎರಡೂ ಸೇರಿ 'ಪಾಯ್ದಗೋಗೋಸ್'. ಹಳೆಯ ಅಥೆನ್ಸಿನಲ್ಲಿ ಈತ ಮೇಷ್ಟ್ರಲ್ಲ, ಮನೆಯ ಗುಲಾಮ. ಹುಡುಗನನ್ನು ಶಾಲೆಗೆ ಬಿಟ್ಟು ಕರೆತರುವುದು, ದಾರಿಯುದ್ದಕ್ಕೂ ಅವನ ನಡತೆಯ ಮೇಲೆ ಕಣ್ಣಿಡುವುದು ಇವನ ಕೆಲಸ; ಪಾಠ ಹೇಳುವವರು ಬೇರೆ.

ಇಂಗ್ಲಿಷಿನಲ್ಲಿ ಈ ಪದ ಒಣ ಪಂಡಿತನಿಗೆ ಅಂಟಿಕೊಂಡಿತು. ಜರ್ಮನಿ ಮಾತ್ರ ಬೇರೆ ದಾರಿ ಹಿಡಿಯಿತು. ಶಿಕ್ಷಣತಜ್ಞ ಕಾರ್ಲ್ ಮಾಗರ್ 1844ರಲ್ಲಿ ಅದಕ್ಕೆ 'ಸೋಷಿಯಲ್' ಸೇರಿಸಿ 'ಸೋಷಿಯಲ್ ಪೆಡಗಾಜಿ' ಎಂಬ ಹೊಸ ಪದ ಬಳಸಿದ. 1899ರಲ್ಲಿ ತತ್ವಜ್ಞಾನಿ ಪೌಲ್ ನಾಟೋರ್ಪ್ ಅದೇ ಹೆಸರಿನಲ್ಲಿ ಒಂದು ಪುಸ್ತಕ ಬರೆದ. ಮನುಷ್ಯನನ್ನು ರೂಪಿಸುವುದು ತರಗತಿಯಷ್ಟೇ ಅಲ್ಲ, ಸಮುದಾಯ ಎಂಬುದು ಅವನ ವಾದ.

ಡೆನ್ಮಾರ್ಕಿನಲ್ಲಿ ಇವತ್ತಿಗೂ ಶಿಶುವಿಹಾರ, ಮಕ್ಕಳ ಪಾಲನೆಯ ನೆಲೆ, ಅಂಗವಿಕಲರ ವಸತಿಗಳಲ್ಲಿ ದುಡಿಯುವವರೇ ಪೆಡಗಾಗ್‌ಗಳು. ಅದಕ್ಕೆ ಮೂರೂವರೆ ವರ್ಷದ ಪದವಿ ಬೇಕು. (ಗುಲಾಮನ ಹೆಸರಿಗೆ ಎಂಥ ಬಡ್ತಿ!) ಸ್ಪೇನಿನಲ್ಲಿ ಹತ್ತಿರದ ವೃತ್ತಿಗೆ 'ಸಾಮಾಜಿಕ ಶಿಕ್ಷಕ' ಎಂಬರ್ಥದ ಹೆಸರಿದೆ.

1987ರಲ್ಲಿ ಶುರುವಾದ ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ ಎರಾಸ್ಮಸ್‌ನಡಿ ಇದನ್ನು ಓದುವ ವಿದ್ಯಾರ್ಥಿಗಳು ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿನ ಕ್ರೆಡಿಟ್ ತಮ್ಮ ದೇಶದಲ್ಲೂ ಲೆಕ್ಕಕ್ಕೆ ಬರುತ್ತದೆ. ವೃತ್ತಿಯ ಅರ್ಥವನ್ನು ಮಾತ್ರ ಹೊಸದಾಗಿ ಕಲಿಯಬೇಕು. ಅದೇ 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದರ ಬ್ರುಂಟ್‌ಲಾಂಡ್ ವರದಿ 'ಸುಸ್ಥಿರ ಅಭಿವೃದ್ಧಿ'ಯನ್ನು ಮನೆಮಾತಾಗಿಸಿತು. ಮುಂದಿನ ಪೀಳಿಗೆಯ ಹೊಣೆ ಅದರ ತಿರುಳಾದ್ದರಿಂದ ಪೆಡಗಾಗ್‌ಗೆ ಅದು ಹೊರಗಿನ ವಿಷಯವಲ್ಲ.

ಸೋಷಿಯಲ್ ಪೆಡಗಾಜಿಯನ್ನು ಕನ್ನಡದಲ್ಲಿ 'ಸಮಾಜ ಶಿಕ್ಷಣ' ಅನ್ನೋಣವೇ? ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆ ಹೆಸರು ವಯಸ್ಕರ ಶಿಕ್ಷಣಕ್ಕೆ ಸಂದಿದೆ. ಸದ್ಯಕ್ಕೆ 'ಸೋಷಿಯಲ್ ಪೆಡಗಾಜಿ' ಎಂದೇ ಬರೆಯುವುದು ಲೇಸು.