ಅಪಾಯದ ಅಂಚಿನಲ್ಲಿ ಬೀಟೆ ಮರ

ಹಿರಿಯರ ಕಾಲದ ಮಂಚ, ಬೀರು, ತೂಗುಮಣೆಗಳನ್ನು ಕಂಡ ಕನ್ನಡಿಗರಿಗೆ ಬೀಟೆಯ ಹೆಸರು ಹೊಸದಲ್ಲ. ಆದರೆ ಆ ಮರವನ್ನು ಕಾಡಿನಲ್ಲಿ ನಿಂತಂತೆಯೇ ಕಂಡವರು ನಮ್ಮಲ್ಲಿ ವಿರಳ. ಇಂಡಿಯನ್ ರೋಸ್‌ವುಡ್ ಎಂದು ಪ್ರಸಿದ್ಧವಾದ ಇದರ ಸಸ್ಯಶಾಸ್ತ್ರೀಯ ನಾಮ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಪಶ್ಚಿಮಘಟ್ಟದ ಎಲೆಯುದುರುವ ಕಾಡುಗಳು ಇದರ ಮುಖ್ಯ ನೆಲೆ. ಕರ್ನಾಟಕದಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಬೆಳೆಯುತ್ತದೆ.

ಬೀಟೆಯ ಬೆಲೆಯೆಲ್ಲ ಅದರ ಚೇಗಿನಲ್ಲಿದೆ. ನೇರಳೆ ಮಿಶ್ರಿತ ಕಂದು ಬಣ್ಣ, ಕಪ್ಪು ಗೆರೆಗಳು, ಗೆದ್ದಲಿಗೆ ಜಗ್ಗದ ಗಟ್ಟಿತನ ಇದರ ಗುಣಗಳು. ಆದರೆ ಚೇಗು ತುಂಬಿಕೊಳ್ಳಲು ಹಲವು ದಶಕಗಳೇ ಬೇಕು. ಅಜ್ಜ ನೆಟ್ಟದ್ದು ಮೊಮ್ಮಗನಿಗೆ ಒದಗುವ ಮರವಿದು; ಕಡಿಯಲು ಒಂದು ದಿನ ಸಾಕು.

ಅಪಾಯಗಳಲ್ಲಿ ಮೊದಲನೆಯದು ಆಯ್ದು ಕಡಿಯುವಿಕೆ. ದಪ್ಪವಾಗಿ ನೇರವಾಗಿ ಬೆಳೆದ ಮರಗಳೇ ಮೊದಲು ಕೊಡಲಿಗೆ ಬೀಳುವುದರಿಂದ ಉತ್ತಮ ಬೀಜ ನೀಡುವ ತಾಯಿಮರಗಳೇ ಇಲ್ಲವಾಗುತ್ತವೆ. ಕಾಡ್ಗಿಚ್ಚು ಮತ್ತು ಜಾನುವಾರು ಮೇಯುವಿಕೆಯಿಂದ ಎಳೆ ಸಸಿಗಳು ನಾಶವಾಗುತ್ತವೆ. ಬೇರಿನಿಂದ ಹೊಸ ಚಿಗುರು ಮೂಡುವ ಶಕ್ತಿ ಈ ಮರಕ್ಕಿದ್ದರೂ, ಪದೇ ಪದೇ ಬೆಂಕಿ ಬಿದ್ದೆಡೆ ಆ ಚಿಗುರು ಮರವಾಗುವುದಿಲ್ಲ.

ಎರಡನೆಯದು ವಿದೇಶಿ ಬೇಡಿಕೆ. 1992ರಲ್ಲಿ ಬ್ರೆಜಿಲ್ ದೇಶದ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿತವಾದ ಮೇಲೆ ಗಿಟಾರ್ ತಯಾರಕರು ನಮ್ಮ ಬೀಟೆಯನ್ನು ಹೆಚ್ಚಾಗಿ ಆಶ್ರಯಿಸಿದರು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಬೀಟೆಯನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದವೆಂದು ಗುರುತಿಸಿತು. 2017ರ ಜನವರಿಯಿಂದ ಇದು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು, ರಫ್ತಿಗೆ ಪರವಾನಗಿ ಅಗತ್ಯ. ಇದರಿಂದ ಕರಕುಶಲಕರ್ಮಿಗಳ ಜೀವನೋಪಾಯಕ್ಕೆ ಪೆಟ್ಟು ಬಿದ್ದುದರಿಂದ, 2022ರ ಪನಾಮಾ ಸಮ್ಮೇಳನದಲ್ಲಿ 10 ಕಿಲೋಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ವಿನಾಯಿತಿ ದೊರೆಯಿತು. 2005ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೈಸೂರಿನ ಬೀಟೆಮರದ ಕುಂದಣ ಕಲೆಯ ಅಳಿವು ಉಳಿವೂ ಈ ಮರವನ್ನೇ ನಂಬಿದೆ.

ಮೂರನೆಯ ಅಪಾಯ ಸದ್ದಿಲ್ಲದ್ದು. ಕಾಫಿ ತೋಟಗಳಲ್ಲಿ ಬೀಟೆ ಹಿಂದಿನಿಂದಲೂ ನೆರಳಿನ ಮರ. ಆದರೆ ಕೊಡಗಿನಲ್ಲಿ, ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ ಜಮೀನಿನಲ್ಲಿ ಬೆಳೆದ ಬೀಟೆ ತೋಟದ ಒಡೆಯನದಲ್ಲ. ಉಳಿದೆಡೆಯೂ ಕಡಿಯಲು, ಸಾಗಿಸಲು ಅನುಮತಿ ಬೇಕು. ಆದ್ದರಿಂದ ಬೆಳೆಗಾರರು ಬೇಗ ಬೆಳೆಯುವ, ಸುಲಭವಾಗಿ ಮಾರಬಹುದಾದ, ಮೆಣಸಿನ ಬಳ್ಳಿಗೂ ಆಸರೆಯಾಗುವ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರವನ್ನು ನೆಡುತ್ತಾರೆ. ರಕ್ಷಣೆಗೆಂದು ರೂಪಿಸಿದ ನಿಯಮವೇ ಬೀಟೆಯ ಹೊಸ ಸಸಿಗೆ ಅಡ್ಡಿಯಾದುದು ವಿಪರ್ಯಾಸ.

ಹಾಗೆಂದು ನಿಯಮವನ್ನು ಸಡಿಲಿಸಿ ಸುಮ್ಮನಿದ್ದರೂ ಅನಾಹುತವೇ. ಕೇರಳದಲ್ಲಿ 2020ರ ಅಕ್ಟೋಬರಿನ ಆದೇಶವೊಂದನ್ನು ನೆಪಮಾಡಿಕೊಂಡು ವಯನಾಡಿನ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳನ್ನು ಉರುಳಿಸಲಾಯಿತು. ಆದೇಶವನ್ನು 2021ರ ಫೆಬ್ರವರಿಯಲ್ಲಿ ಹಿಂಪಡೆದರೂ ಬಿದ್ದ ಮರಗಳು ಮರಳಿ ಬರಲಿಲ್ಲ.

ಹಳೆಯ ಮರಗಳಿಗೆ ಕಟ್ಟುನಿಟ್ಟಿನ ಕಾವಲು, ಹೊಸದಾಗಿ ನೆಟ್ಟವನಿಗೆ ಅದರ ಮೇಲೆ ಸ್ಪಷ್ಟ ಹಕ್ಕು, ಇವೆರಡೂ ಒಟ್ಟಿಗೆ ಬಂದಾಗ ಮಾತ್ರ ಬೀಟೆ ಉಳಿದೀತು. ನಗರವಾಸಿಗಳಾದ ನಾವು ಮಾಡಬಹುದಾದದ್ದೂ ಇದೆ. ಹಿರಿಯರಿಂದ ಬಂದ ಬೀಟೆಯ ಪೀಠೋಪಕರಣಗಳನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿಸಿ ಬಳಸೋಣ. ಹೊಸದನ್ನು ಕೊಳ್ಳುವಾಗ ಮರ ಎಲ್ಲಿಂದ ಬಂತೆಂಬ ದಾಖಲೆ ಕೇಳೋಣ.