ಮರಳಿನ ಲೆಕ್ಕ: ಕಡಲ್ಕೊರೆತದ ಅಧ್ಯಯನ ಸಾಗಿಬಂದ ದಾರಿ

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಮರವಂತೆಯ ದಡಗಳಿಗೆ ಲಾರಿಗಟ್ಟಲೆ ಬಂಡೆಗಲ್ಲು ಬಂದು ಬೀಳುತ್ತದೆ. ಅಲೆ ಅದನ್ನು ಎಳೆದುಕೊಳ್ಳುತ್ತದೆ, ಮುಂದಿನ ಮಳೆಗೆ ಮತ್ತೆ ಕಲ್ಲು. ಕೊರೆತವೆಂದರೆ ಕಡಲಿನ ಹಾವಳಿ, ಅದಕ್ಕೆ ಗೋಡೆಯೇ ಉತ್ತರ ಎಂಬ ಈ ರೂಢಿಯನ್ನು ವಿಜ್ಞಾನ ಬಹಳ ಹಿಂದೆಯೇ ದಾಟಿದೆ. ಅದರ ಗಮನ ನೀರಿನಿಂದ ಮರಳಿಗೆ, ಮರಳಿನಿಂದ ನದಿಗೆ ಹೊರಳಿದೆ.

ಮೊದಲ ಗಟ್ಟಿ ಸೂತ್ರ ಕೊಟ್ಟವರು ಡೆನ್ಮಾರ್ಕ್ ಮೂಲದ ಎಂಜಿನಿಯರ್ ಪೆರ್ ಬ್ರೂನ್, 1962ರಲ್ಲಿ. ಸಮುದ್ರಮಟ್ಟ ಏರಿದಾಗ ದಡದ ಮರಳು ಕೊಚ್ಚಿಹೋಗಿ ಕಡಲ ತಳದಲ್ಲಿ ಹರಡಿಕೊಳ್ಳುತ್ತದೆ. ಮಟ್ಟ ಒಂದು ಅಡಿ ಏರಿದರೆ ದಡ ಐವತ್ತರಿಂದ ನೂರು ಅಡಿ ಹಿಂದೆ ಸರಿಯಬಹುದು. ಸುಲಭದ ಲೆಕ್ಕವಾದ್ದರಿಂದ ಹಲವು ದೇಶಗಳು ಬಳಸಿದವು. 2004ರಲ್ಲಿ ಆಂಡ್ರ್ಯೂ ಕೂಪರ್ ಮತ್ತು ಒರಿನ್ ಪಿಲ್ಕಿ ಈ ಸೂತ್ರವನ್ನೇ ಕೈಬಿಡಬೇಕೆಂದು ವಾದಿಸಿದರು. ದಡದುದ್ದಕ್ಕೂ ಸಾಗುವ ಮರಳಿಗೆ, ನದಿ ತಂದು ಸುರಿಯುವ ಮರಳಿಗೆ ಅದರಲ್ಲಿ ಜಾಗವಿರಲಿಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಇವರ ವಾದವೇ ಸರಿಯೆಂದು ನನಗನ್ನಿಸುತ್ತದೆ.

ಸಮುದ್ರಮಟ್ಟ ಅಳೆಯುವ ಕೆಲಸವೂ ಜೊತೆಜೊತೆಗೆ ನಡೆಯಿತು. ಮುಂಬೈಯ ಉಬ್ಬರವಿಳಿತ ಮಾಪಕದ ದಾಖಲೆ 1878ರಿಂದಲೇ ಸಿಗುತ್ತದೆ. ಇಂಥ ದಾಖಲೆಗಳನ್ನು ಸೋಸಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಉಣ್ಣಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ ಉತ್ತರ ಹಿಂದೂ ಮಹಾಸಾಗರದ ತೀರಗಳಲ್ಲಿ ವರ್ಷಕ್ಕೆ ಸುಮಾರು 1ರಿಂದ 1.75 ಮಿಲಿಮೀಟರ್ ಏರಿಕೆ ಕಂಡರು. 2006–2018ರ ಅವಧಿಯಲ್ಲಿ ಜಾಗತಿಕ ವೇಗ ವರ್ಷಕ್ಕೆ 3.7 ಮಿಲಿಮೀಟರ್ ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ (ಐಪಿಸಿಸಿ) 2021ರಲ್ಲಿ ಹೇಳಿತು. ಮಿಲಿಮೀಟರುಗಳು ತಾವಾಗಿ ಮನೆ ಕೆಡವುವುದಿಲ್ಲ, ಏರಿದ ಮಟ್ಟದ ಮೇಲೆ ಬರುವ ಬಿರುಗಾಳಿ ಕೆಡವುತ್ತದೆ. 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆಯೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಂಶೋಧಕರು ತೋರಿಸಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಬಡಿದಾಗ ಈ ಅಂಕಿಗಳ ಅರ್ಥ ಇಲ್ಲಿನವರಿಗೆ ನೇರವಾಗಿ ತಿಳಿಯಿತು.

ಆದರೂ ಎಲ್ಲ ಕೊರೆತಕ್ಕೂ ಹವಾಮಾನವನ್ನೇ ದೂರಿದರೆ ಉಳ್ಳಾಲಕ್ಕೆ ಅನ್ಯಾಯವಾಗುತ್ತದೆ. ನೇತ್ರಾವತಿ–ಗುರುಪುರ ಅಳಿವೆಬಾಗಿಲಿಗೆ 1990ರ ದಶಕದಲ್ಲಿ ಜೋಡಿ ಅಲೆತಡೆಗಳು ಬಂದ ಮೇಲೆ ಬೆಂಗರೆಯ ಕಡೆ ಮರಳು ಕೂಡುತ್ತ ಹೋಯಿತು, ಉಳ್ಳಾಲದ ಕಡೆ ದಡ ಕರಗಿತು. ಕಲ್ಲಿನ ಗೋಡೆ ಇದನ್ನು ಸರಿಪಡಿಸದು: ಗೋಡೆಗೆ ಬಡಿದು ಮರಳುವ ಅಲೆ ಅದರ ಬುಡದ ಮರಳನ್ನೇ ತೋಡುತ್ತದೆ, ಗೋಡೆ ಮುಗಿಯುವಲ್ಲಿ ಕೊರೆತ ಹೊಸದಾಗಿ ಶುರುವಾಗುತ್ತದೆ. ಮನೆ ಉಳಿದರೂ ಮೊಗವೀರರಿಗೆ ನಾಡದೋಣಿ ಎಳೆದಿಡಲು, ರಂಪಣಿ ಬಲೆ ಎಳೆಯಲು ದಂಡೆ ಉಳಿಯುವುದಿಲ್ಲ. ಈ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲೂ ಕಾಣಿಸುವುದಿಲ್ಲವೆಂಬುದು ನನ್ನನ್ನು ಕಾಡುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದ ಕಡಲೊಳಗೆ ಕೃತಕ ದಿಬ್ಬಗಳು ಬಂದವು. ಆದರೆ ತೆಂಕಣ ಸೋಮೇಶ್ವರ, ಉಚ್ಚಿಲದತ್ತ ಕೊರೆತ ನಿಲ್ಲಲಿಲ್ಲ. ಪುದುಚೇರಿಯಲ್ಲಿ ಮಾತ್ರ, ಬಂದರಿನಿಂದ ಕಳೆದುಹೋಗಿದ್ದ ದಂಡೆಯ ಒಂದು ಭಾಗ ಇಂಥದೇ ದಿಬ್ಬದ ನೆರವಿನಿಂದ ಮರಳಿ ಬಂತು. ಡಚ್ಚರು 2011ರಲ್ಲಿ ಹೇಗ್ ಬಳಿ 2.15 ಕೋಟಿ ಘನಮೀಟರ್ ಮರಳನ್ನು ಒಂದೆಡೆ ಸುರಿದು, ಅದನ್ನು ಹಂಚುವ ಕೆಲಸವನ್ನು ಅಲೆಗಳಿಗೇ ಬಿಟ್ಟರು.

ಈಗಿನ ಅಧ್ಯಯನಗಳು ಹೊರಳಿರುವುದು ನದಿಯ ಕಡೆಗೆ. ಅಣೆಕಟ್ಟಿನ ಹಿಂದೆ ನಿಲ್ಲುವ ಹೂಳು, ನದಿಪಾತ್ರದಿಂದ ಲಾರಿಗೆ ತುಂಬುವ ಮರಳು ಎರಡೂ ಕಡಲಿಗೆ ಸಲ್ಲಬೇಕಾದ್ದು. ಸಿಹಿನೀರಿನ ಕಥೆಯೂ ಹೊಳೆಯದೇ. ಇಷ್ಟು ಮಳೆಯ ನಾಡಿನಲ್ಲೂ 2016 ಮತ್ತು 2019ರ ಬೇಸಿಗೆಗಳಲ್ಲಿ ನೇತ್ರಾವತಿಗೆ ಕಟ್ಟಿದ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದು, ಮಂಗಳೂರಿನಲ್ಲಿ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಹೊಳೆ ಸೊರಗಿದಾಗ ಉಪ್ಪುನೀರು ಅಳಿವೆಯಿಂದ ಮೇಲೇರಿ ಬಾವಿಗಳನ್ನು ಸೇರುತ್ತದೆ.

ಹಾಗಾಗಿ ಅಘನಾಶಿನಿ ಮುಖ್ಯವಾಗುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಅದು. ಕುಮಟಾ ಬಳಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ರೈತರು ಕಡಲು ಏರಿದಾಗ ಬದುಕುವ ಬಗೆಯನ್ನು ವಿಜ್ಞಾನಿಗಳಿಗಿಂತ ಮೊದಲೇ ಬಲ್ಲವರು. 2024ರಲ್ಲಿ ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ನದಿಯ ನೀರನ್ನು ಮೂಡಣಕ್ಕೆ ತಿರುಗಿಸಿ ವೇದಾವತಿಗೆ ಹರಿಸುವ ಪ್ರಸ್ತಾವ ಈಗ ಮೇಜಿನ ಮೇಲಿದೆ. ನೀರಿನ ಜೊತೆಗೆ ಎಷ್ಟು ಮರಳು ಹೋಗುತ್ತದೆ, ಗೋಕರ್ಣದ ದಂಡೆಗಳಿಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಒಪ್ಪಿಗೆಗೆ ಮುನ್ನವೇ ಮಾಡಬೇಕಾಗಿದೆ.