ನಿದ್ದೆಗೆ ಬೇರೆ ಟಿಕೆಟ್

ವಿದೇಶಿ ಪ್ರವಾಸಿಗರಿಗೆಂದು ಜಪಾನಿನ ರಾಷ್ಟ್ರೀಯ ರೈಲ್ವೆ 1981ರಲ್ಲಿ ಜಪಾನ್ ರೈಲ್ ಪಾಸ್ ತಂದಿತು. ಒಮ್ಮೆ ದುಡ್ಡು ಕಟ್ಟಿದರೆ 7, 14 ಅಥವಾ 21 ದಿನ ದೇಶದ ಉದ್ದಗಲಕ್ಕೂ ಓಡಾಡಬಹುದು. ಆದರೆ ಅದೇ ಪಾಸ್ ಹಿಡಿದು ರಾತ್ರಿ ರೈಲಿನಲ್ಲಿ ಬರ್ತ್ ಕೇಳಿದರೆ ಬರ್ತ್ ಶುಲ್ಕವನ್ನೂ ಎಕ್ಸ್‌ಪ್ರೆಸ್ ಶುಲ್ಕವನ್ನೂ ಬೇರೆಯಾಗಿ ತೆರಬೇಕು. ಸ್ಲೀಪರ್ ಟಿಕೆಟ್ಟಿನಲ್ಲೇ ಮಲಗುವ ಜಾಗವೂ ಸೇರಿರುವ ನಮ್ಮ ರೈಲುಗಳಿಗೆ ಒಗ್ಗಿಕೊಂಡವರಿಗೆ ಇದು ವಿಚಿತ್ರವೆನಿಸೀತು. ಈ ನಿಯಮದ ಬೇರು ಪಾಸಿಗಿಂತ ಹಳೆಯದು. ಜಪಾನಿನಲ್ಲಿ ರೈಲಿನ ದರ ಪದರ ಪದರವಾಗಿದೆ: ಕ್ರಮಿಸುವ ದೂರಕ್ಕೆ ಒಂದು, ವೇಗಕ್ಕೆ ಇನ್ನೊಂದು, ಹಾಸಿಗೆಗೆ ಮತ್ತೊಂದು. ಪಾಸ್ ಕೊಟ್ಟದ್ದು ಓಡಾಟವನ್ನು ಮಾತ್ರ. ಅಲ್ಲಿನ ರಾತ್ರಿ ರೈಲುಗಳು ಸೊರಗಿದ್ದಕ್ಕೆ ಬುಲೆಟ್ ರೈಲಿನ ವೇಗವನ್ನು ಎಲ್ಲರೂ ದೂರುತ್ತಾರೆ. ನಿದ್ದೆಯನ್ನು ಪ್ರಯಾಣದಿಂದ ಬಿಡಿಸಿ ಮಾರಿದ ಈ ಲೆಕ್ಕಾಚಾರಕ್ಕೂ ಅದರಲ್ಲಿ ದೊಡ್ಡ ಪಾಲಿದೆ ಎಂಬುದು ನನ್ನ ವಾದ.

1958ರಲ್ಲಿ ಟೋಕಿಯೊದಿಂದ ಕ್ಯೂಶೂ ದ್ವೀಪದ ಹಕಾಟಾಕ್ಕೆ ಹೋಗುವ 'ಅಸಾಕಾಝೆ' ರೈಲಿಗೆ ಹವಾನಿಯಂತ್ರಿತ ನೀಲಿ ಬೋಗಿಗಳು ಬಂದಾಗ ಜನ ಅದನ್ನು ಓಡುವ ಹೋಟೆಲ್ ಎಂದು ಕರೆದರು. ಆದರೂ ಸಾಮಾನ್ಯ ದರ್ಜೆಯಲ್ಲಿ ಮೂರು ಅಂತಸ್ತಿನ ಬರ್ತ್‌ಗಳಿದ್ದವು. ಒಂದೊಂದರ ಅಗಲ 52 ಸೆಂಟಿಮೀಟರ್. 70ರ ದಶಕದಲ್ಲಿ ಎರಡು ಅಂತಸ್ತಿನ, 70 ಸೆಂಟಿಮೀಟರ್ ಅಗಲದ ಬರ್ತ್‌ಗಳು ಬಂದು ಮಲಗುವುದು ಹಿತವಾಯಿತು. ಅಷ್ಟರಲ್ಲಿ, ಸಾಲದಲ್ಲಿ ಮುಳುಗಿದ್ದ ರೈಲ್ವೆ 1976ರಲ್ಲಿ ದರಗಳನ್ನು ಒಮ್ಮೆಲೇ ಸುಮಾರು ಅರ್ಧದಷ್ಟು ಏರಿಸಿತು. ದೂರದ ಊರುಗಳಿಗೆ ವಿಮಾನ ಹತ್ತುವವರು ಹೆಚ್ಚಿದರು. ಪರದೆಯೊಂದೇ ಮರೆಯಾಗಿದ್ದ ಬರ್ತಿಗೆ ಕೊಡುವ ಹಣಕ್ಕೆ, ಬಾಗಿಲು ಹಾಕಿಕೊಂಡು ಸ್ನಾನ ಮಾಡಿ ಮಲಗಬಹುದಾದ ಕೋಣೆ ಸ್ಟೇಷನ್ ಬಳಿಯ ಬಿಸಿನೆಸ್ ಹೋಟೆಲಿನಲ್ಲಿ ಸಿಗತೊಡಗಿತು. ಕಡಿಮೆ ಖರ್ಚಿನವರನ್ನು ರಾತ್ರಿ ಬಸ್ಸು ಸೆಳೆಯಿತು. 1987ರಲ್ಲಿ ರೈಲ್ವೆಯನ್ನು ಒಡೆದು ಖಾಸಗೀಕರಿಸಿದ ಮೇಲಂತೂ ಟೋಕಿಯೊದಿಂದ ಕ್ಯೂಶೂಗೆ ಹೋಗುವ ಒಂದೇ ರೈಲಿನ ಆದಾಯ ನಾಲ್ಕು ಕಂಪನಿಗಳಲ್ಲಿ ಹಂಚಿಹೋಗಿ, ಹೊಸ ಬೋಗಿಗೆ ದುಡ್ಡು ಹಾಕುವ ಉತ್ಸಾಹ ಯಾರಲ್ಲೂ ಉಳಿಯಲಿಲ್ಲ.

ವೇಗದ ವಾದವನ್ನು ತಳ್ಳಿಹಾಕಲಾಗದು. ಬುಲೆಟ್ ರೈಲು ಹಕಾಟಾ ಮುಟ್ಟಿದ್ದು 1975ರಲ್ಲಿ. ಪ್ರಯಾಣಿಕರು ಅತ್ತ ತಿರುಗಿದ್ದು ನಿಜ. ಆದರೆ ಟೋಕಿಯೊದಿಂದ ಕ್ಯೂಶೂಗೆ ಹೋಗುವ ಕೊನೆಯ ನೀಲಿ ರೈಲು ನಿಂತದ್ದು 2009ರಲ್ಲಿ. ವೇಗವೊಂದೇ ಕೊಲ್ಲುವಂತಿದ್ದರೆ ಆ 34 ವರ್ಷ ಅವು ಬದುಕುತ್ತಿರಲಿಲ್ಲ. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಬುಲೆಟ್ ರೈಲು ಓಡುವುದೇ ಇಲ್ಲ. ಆ ಆರು ಗಂಟೆಗಳು ರಾತ್ರಿ ರೈಲಿಗೇ ಮೀಸಲಾಗಿದ್ದವು, ಅವುಗಳ ಬೆಲೆ ಮಾತ್ರ ಸರಿಹೊಂದಲಿಲ್ಲ.

ಇದಕ್ಕೆ ಉತ್ತರವಾಗಿ ಇನ್ನೊಂದು ಮಾತು ಬರುತ್ತದೆ: ಬರ್ತ್ ಬೋಗಿಯಲ್ಲಿ ಕಡಿಮೆ ಜನ ಹಿಡಿಸುತ್ತಾರೆ, ಹೊದಿಕೆ ಒಗೆಯಬೇಕು, ಹಾಗಾಗಿ ಹೆಚ್ಚಿನ ಶುಲ್ಕ ನ್ಯಾಯವೇ. ಈ ಮಾತು ಸರಿ. ಆದರೆ ಮಧ್ಯದ ದಾರಿ ಇಲ್ಲವೆಂದೇನಲ್ಲ. 1998ರಲ್ಲಿ ಶುರುವಾದ 'ಸನ್‌ರೈಸ್' ಜೋಡಿ ರೈಲುಗಳು ಟೋಕಿಯೊದಿಂದ ಒಟ್ಟಿಗೆ ಹೊರಟು, ಒಕಾಯಾಮಾದಲ್ಲಿ ಬೇರೆಯಾಗಿ, ಒಂದು ತಕಮಾತ್ಸುವಿಗೂ ಇನ್ನೊಂದು ಇಝುಮೊಗೂ ಹೋಗುತ್ತವೆ. ಅವುಗಳಲ್ಲಿ ಕೋಣೆಗಳ ಜೊತೆಗೆ 'ನೋಬಿನೋಬಿ' ಎಂಬ ಜಾಗವೂ ಇದೆ: ಎರಡು ಅಂತಸ್ತಿನ ಕಾರ್ಪೆಟ್ ಹಾಸು, ತಲೆಯ ಬಳಿ ಅಡ್ಡ ಹಲಗೆ, ತೆಳು ಹೊದಿಕೆ. ಕೈಕಾಲು ಚಾಚಿ ಮಲಗಬಹುದು, ಆದರೆ ನಿಯಮದ ಪ್ರಕಾರ ಅದು ಆಸನ. ಹಾಗಾಗಿ ಬರ್ತ್ ಶುಲ್ಕವಿಲ್ಲ. ಪಾಸ್ ಇದ್ದವರು ಮುಂಗಡ ಕಾಯ್ದಿರಿಸಿದರೆ ಸಾಕು. ಹಾಸಿಗೆಯ ಬೆಲೆ ತೆಗೆದುಬಿಟ್ಟರೆ ರಾತ್ರಿ ರೈಲಿಗೆ ಜನ ಬರುತ್ತಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಅಷ್ಟು ಕೊಟ್ಟವರಿಂದ ಮಲಗುವುದಕ್ಕೆ ಮತ್ತೆ ಹಣ ಕೇಳುವುದು ಮೊದಲಿಗಿಂತ ಕಷ್ಟ. ಸನ್‌ರೈಸ್ ಬೋಗಿಗಳಿಗೂ ವಯಸ್ಸಾಗುತ್ತಿದೆ. ಅವುಗಳ ಜಾಗಕ್ಕೆ ಬರುವ ರೈಲಿನಲ್ಲಿ ಐಷಾರಾಮಿ ಕೋಣೆಗಳಿಗಿಂತ ಆ ಕಾರ್ಪೆಟ್ ಹಾಸುಗಳೇ ಹೆಚ್ಚಿರಬೇಕು.